ಮೊದಲ ಸಾಲಿನ ಕ್ಷೇಮ

ಚನ್ನಗಿರಿಯ ಆ ಮಂಡಿಯಲ್ಲಿ ನನಗೆ ಕೆಲಸ ಸಿಕ್ಕಿದ್ದು ಬೆರಳಿನಿಂದ, ಉಳಿದದ್ದು ನಾಲಿಗೆಯಿಂದ. ಇಂಗ್ಲಿಷ್ ಟೈಪಿಂಗ್ ಪಾಸಾದ ಹೆಣ್ಣುಮಕ್ಕಳು ಆಗ ಊರಿನಲ್ಲಿ ಇದ್ದದ್ದೇ ಬೆರಳೆಣಿಕೆಯಷ್ಟು. ಹಮಾಲರು, ದಲಾಲರು, ಗಾಡಿಯವರು ಬೆಳಗಿನಿಂದ ಸಂಜೆಯವರೆಗೆ ಕೂಗಾಡುವ ಜಾಗ ಅದು. ಮೆತ್ತಗಿನ ಹುಡುಗಿಯಾಗಿದ್ದರೆ ವಾರದೊಳಗೆ ಅಳುತ್ತಾ ಮನೆ ಸೇರುತ್ತಿದ್ದೆ. “ಇವಳ ಬಾಯಿಗೆ ಹೆದರಿ ಇಲಿ ಸೈತ ಗೋದಾಮು ಬಿಟ್ಟು ಹೋದ್ವು” ಎಂದು ಸಾವ್ಕಾರ್ರು ಬಂದವರಿಗೆಲ್ಲ ಹೇಳುತ್ತಿದ್ದರು. ನಾನದನ್ನು ಹೊಗಳಿಕೆಯೆಂದೇ ತೆಗೆದುಕೊಂಡಿದ್ದೆ.

ಸಾವ್ಕಾರ್ರು ಎಂದರೆ ಮಂಡಿಯ ಯಜಮಾನರು. ಚನ್ನಗಿರಿಯದು ದೊಡ್ಡಂಗಡಿ. ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ಒಂದೊಂದು ಶಾಖೆ. ಈ ಕಡೆ ಅಡಿಕೆ, ಆ ಕಡೆ ಶೇಂಗಾ ಮತ್ತು ಹತ್ತಿ. ಬೆಳಗಿನ ಧಾರಣೆ ಗಂಟೆಯೊಳಗೆ ನಾಲ್ಕೂ ಕಡೆ ಗೊತ್ತಾಗಬೇಕು. ಟ್ರಂಕ್ ಕಾಲ್ ಬುಕ್ ಮಾಡಿ ಕೂತರೆ ಮಧ್ಯಾಹ್ನದ ಊಟ ಮುಗಿದರೂ ಗಂಟೆ ಬಾರಿಸುತ್ತಿರಲಿಲ್ಲ. ನ್ಯಾಮತಿಯ ಅಂಗಡಿಗಂತೂ ಫೋನೇ ಇರಲಿಲ್ಲ. ಸಾವ್ಕಾರ್ರಿಗೆ ಯಂತ್ರ ಕಂಡರೆ ಮಕ್ಕಳಿಗೆ ಮಿಠಾಯಿ ಕಂಡಷ್ಟು ಆಸೆ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಎಲ್ಲೆಲ್ಲೋ ಓಡಾಡಿ, ತಂತಿಯೊಂದನ್ನು ಬಾಡಿಗೆಗೆ ಪಡೆದು, ನಾಲ್ಕು ಹಳೆಯ ಟೆಲಿಪ್ರಿಂಟರುಗಳನ್ನು ಕೊಂಡು ತಂದರು. ಎರಡು ಒಬ್ಬ ವ್ಯಾಪಾರಿಯ ಹತ್ತಿರ, ಇನ್ನೆರಡು ಮತ್ತೊಬ್ಬನ ಹತ್ತಿರ. ಹೊಸತರಂತೆ ಕಾಣುತ್ತಿದ್ದ ಜೋಡಿಯಲ್ಲಿ ಒಂದು ನಮಗೆ ಬಂತು, ಇನ್ನೊಂದು ಜಗಳೂರಿಗೆ ಹೋಯಿತು. ಮುದಿ ಜೋಡಿ ಹೊನ್ನಾಳಿಗೆ ಮತ್ತು ನ್ಯಾಮತಿಗೆ. ನಾಲ್ಕೂ ಒಂದೇ ತಂತಿಯ ಮೇಲಿದ್ದವು. ಇಲ್ಲಿ ನಾನು ಕೀ ಒತ್ತಿದರೆ ನಾಲ್ಕು ಊರಲ್ಲೂ ಅದೇ ಅಕ್ಷರ ಕಾಗದದ ಮೇಲೆ ಬೀಳುತ್ತಿತ್ತು.

ಯಂತ್ರಕ್ಕೆ ಕನ್ನಡ ಬರುತ್ತಿರಲಿಲ್ಲ. ನಮಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಹಾಗಾಗಿ ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟುತ್ತಿದ್ದೆವು. ಒಂದು ಸಾಲಿಗೆ ಹೆಚ್ಚುಕಡಿಮೆ ಎಪ್ಪತ್ತು ಅಕ್ಷರ ಹಿಡಿಯುತ್ತಿತ್ತು. ಸಾಲು ಮುಗಿಯುವಾಗ ಟಿಣ್ ಎಂದು ಗಂಟೆ. ಆಗ ಕಾಗದ ಏರಿಸುವ ಕೀ ಒತ್ತಬೇಕು. ಕಾಗದ ಒಂದು ಸಾಲು ಮೇಲೇರುತ್ತಿತ್ತು, ಅಚ್ಚಿನ ಗಾಡಿ ತಾನಾಗಿಯೇ ಎಡಕ್ಕೆ ಓಡಿ ಬರುತ್ತಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಕೀ ಇತ್ತು. ಒತ್ತಿದರೆ ನನ್ನ ಯಂತ್ರದಲ್ಲಿ ಏನೂ ಆಗುತ್ತಿರಲಿಲ್ಲ. ಕೂರಿಸಲು ಬಂದವನನ್ನು ಕೇಳಿದೆ. “ಅದು ನಿಮ್ಗೆ ಬೇಕಾಗಿಲ್ಲ ಬಿಡ್ರಿ, ಒಂದೇ ಒತ್ತಿ ಸಾಕು” ಎಂದ. ಬೇಕಾಗಿಲ್ಲದ್ದನ್ನು ಯಾರು ಒತ್ತುತ್ತಾರೆ? ಅದರ ಮೇಲೆ ಧೂಳು ಕೂತಿತು. ಇದು ನನ್ನ ತಪ್ಪೆಂದು ಆಮೇಲೆ ಕೆಲವರು ಆಡಿಕೊಂಡರು. ನಾನು ಅವತ್ತೂ ಒಪ್ಪಲಿಲ್ಲ, ಇವತ್ತೂ ಒಪ್ಪುವುದಿಲ್ಲ.

ಸಂಜೆ ವ್ಯಾಪಾರ ಮುಗಿದ ಮೇಲೆ ಒಂದಿಷ್ಟು ಹೊತ್ತು ತಂತಿ ಮನೆಯವರದ್ದು. ಸಾವ್ಕಾರ್ರ ಬಂಧುಬಳಗ ನಾಲ್ಕೂ ಊರಲ್ಲಿ ಹರಡಿಕೊಂಡಿತ್ತು. ಬಾಣಂತನ, ನಾಮಕರಣ, ಯಾರು ಯಾವ ಬಸ್ಸಿಗೆ ಬರುತ್ತಾರೆ, ಯಾರು ಉಪ್ಪಿನಕಾಯಿ ಕಳಿಸಬೇಕು, ಎಲ್ಲ ನನ್ನ ಕೈಯ ಮೇಲೆ ಹೋಗುತ್ತಿತ್ತು. ಇದಕ್ಕೆ ‘ಮನೆ ಮಾತು’ ಎಂದೇ ಹೆಸರು. ಸಾವ್ಕಾರ್ರ ತಾಯಿ, ಅಜ್ಜಿ, ದಿನಾ ಬಂದು ನನ್ನ ಪಕ್ಕದ ಬೆಂಚಿನ ಮೇಲೆ ಕಾಲು ಮಡಚಿ ಕೂತು ಹೇಳಿ ಬರೆಸುತ್ತಿದ್ದರು. ಅಜ್ಜಿಯದೊಂದು ಕಟ್ಟುನಿಟ್ಟು. ಮಾತು ಏನೇ ಇರಲಿ, ಮೊದಲು ಕ್ಷೇಮ ಹೇಳಲೇಬೇಕು. “ಇಲ್ಲಿ ನಾವೆಲ್ಲ ಶಿವನ ದಯದಿಂದ ಕ್ಷೇಮ, ಅಲ್ಲಿ ನೀವೆಲ್ಲ ಕ್ಷೇಮವೆಂದು ನಂಬಿದ್ದೇವೆ.” ಇಷ್ಟಕ್ಕೇ ಒಂದು ಸಾಲು ಭರ್ತಿ. ವಿಷಯ ಎರಡನೆಯ ಸಾಲಿನಿಂದ. ಅಜ್ಜಿಯೊಬ್ಬರೇ ಅಲ್ಲ, ನಮ್ಮ ಸೀಮೆಯಲ್ಲಿ ಎಲ್ಲರೂ ಹಾಗೆಯೇ. ಸತ್ತ ಸುದ್ದಿ ತಂದವನಿಗೂ ಮೊದಲು ನೀರು ಕೊಟ್ಟು, ಮಳೆ ಬೆಳೆ ಕೇಳಿ, ಆಮೇಲೆ “ಏನು ಬಂದದ್ದು?” ಎನ್ನುವ ಜನ.

ಹೊನ್ನಾಳಿಯ ಶಾಖೆಯಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದವನು ನನ್ನ ವಾರಿಗೆಯವನು, ನನ್ನಷ್ಟೇ ಜಗಳಗಂಟ. ಅವನು ಆಗಾಗ ತಕರಾರು ತೆಗೆಯುತ್ತಿದ್ದ. “ನಿಮ್ಮ ಮನೆ ಮಾತು ಅರ್ಧ ಕಪ್ಪಾಗಿ ಬರ್ತೈತೆ. ಧಾರಣೆ ಸರಿ ಬರ್ತೈತೆ.” ಸಾವ್ಕಾರ್ರು ಮಸಿ ರಿಬ್ಬನ್ ಬದಲಾಯಿಸಿ ಎಂದರು. ಬದಲಾಯಿಸಿದ. ಕಪ್ಪು ಹೋಗಲಿಲ್ಲ. ದಾವಣಗೆರೆಯಿಂದ ಒಬ್ಬ ಮೆಕ್ಯಾನಿಕ್ ಹೊನ್ನಾಳಿಗೆ ಹೋದ. ನನಗೆ ಒಂದು ಸಾಲು ಹೊಡೆಯಲು ಹೇಳಿದ, ಹೊಡೆದೆ. “ಎಲ್ಲ ಸರಿ ಐತೆ” ಎಂದು ಕಾಫಿ ಕುಡಿದು ಹೋದ. ಜಗಳೂರಿನವರನ್ನು ಕೇಳಿದರೆ ನಮಗೆ ಎಲ್ಲ ಸಾಲೂ ಸ್ವಚ್ಛವಾಗಿ ಬರುತ್ತಿದೆ ಎಂದರು. ಒಂದೇ ತಂತಿ, ಒಂದೇ ಕೈ. ಜಗಳೂರಿಗೆ ಸರಿಯಾದದ್ದು ಹೊನ್ನಾಳಿಗೆ ಹೇಗೆ ಕೆಡುತ್ತದೆ? ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಾನು ಅವನಿಗೆ ತಂತಿಯಲ್ಲೇ ಹೇಳಿದೆ. ಮಾತು ಅಲ್ಲಿಗೆ ನಿಂತಿತು. ನ್ಯಾಮತಿಯಿಂದ ಎಂದೂ ತಕರಾರು ಬಂದದ್ದಿಲ್ಲ. ಅಲ್ಲಿದ್ದವರು ಸಾವ್ಕಾರ್ರ ತಂದೆಯ ಕಾಲದ ಗುಮಾಸ್ತರು, ಬಹಳ ಮರ್ಯಾದಸ್ಥ ಮನುಷ್ಯ.

ಆ ಬೇಸಿಗೆಯಲ್ಲಿ ಸಾವ್ಕಾರ್ರ ತಂಗಿ ತನ್ನ ಮಗಳನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ಅವಳನ್ನು ಕೊಟ್ಟದ್ದು ಸವಳಂಗದ ಹತ್ತಿರದ ಒಂದು ಹಳ್ಳಿಗೆ. ನ್ಯಾಮತಿಯ ಅಂಗಡಿಯೇ ಅವರಿಗೆ ಸುದ್ದಿಯ ಬಾಗಿಲು. ಮಗುವಿಗೆ ಐದೋ ಆರೋ ವರ್ಷ. ಮನೆಯಲ್ಲಿ ಕೂರದೆ ದಿನವೂ ಮಂಡಿಗೆ ಬಂದು ಮೂಟೆಯಿಂದ ಮೂಟೆಗೆ ಜಿಗಿಯುತ್ತಿದ್ದಳು. ಗೋದಾಮಿನ ಕಾವಲಿಗೆಂದು ಹಮಾಲರು ಎಲ್ಲಿಂದಲೋ ಒಂದು ನಾಯಿಮರಿ ತಂದು ಕಟ್ಟಿದ್ದರು. ಹುಡುಗಿಗೂ ಅದಕ್ಕೂ ಬಿಡದ ಸ್ನೇಹ. ಒಂದು ದಿನ ಮುದ್ದಾಡುವಾಗ ಮರಿ ಅವಳ ಕೆನ್ನೆಗೆ ಹಲ್ಲು ತಾಗಿಸಿತು. ಎರಡು ಹನಿ ರಕ್ತ. ಅಜ್ಜಿ ಅರಿಶಿನ ಒತ್ತಿದರು. ಮರಿ ತಾನೇ, ಆಟಕ್ಕೆ ಕಚ್ಚಿದ್ದು ಎಂದು ಎಲ್ಲರೂ ನಕ್ಕರು. ಮರುದಿನ ತಾಯಿ ಮಗಳು ಬಸ್ಸು ಹತ್ತಿ ಊರಿಗೆ ಹೋದರು.

ಅವರು ಹೋಗಿ ಎರಡು ದಿನಕ್ಕೆ ಮರಿ ನೀರು ಮುಟ್ಟಲಿಲ್ಲ. ಬಾಯಲ್ಲಿ ಜೊಲ್ಲು. ಕಟ್ಟಿದ ಹಗ್ಗವನ್ನೇ ಕಚ್ಚಿ, ಕಂಬ ಕಚ್ಚಿ, ಒಂದು ಮಧ್ಯಾಹ್ನ ಕಾಲು ಚಾಚಿ ಸತ್ತಿತು. ದನದ ಡಾಕ್ಟರು ಬಂದು ದೂರದಿಂದಲೇ ನೋಡಿದರು. ಯಾರಿಗಾದರೂ ಕಚ್ಚಿದೆಯೇ ಎಂದು ಕೇಳಿದರು. ಕೆನ್ನೆಗೆ ಎಂದಾಗ ಅವರ ಮುಖ ಬದಲಾದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. “ಮುಖದ ಕಡಿತ ಕಾಯಲ್ಲ ಸಾವ್ಕಾರ್ರೆ. ಹೊಕ್ಕುಳ ಸುತ್ತ ಸೂಜಿ ಹಾಕ್ತಾರಲ್ಲ, ಅದನ್ನ ತಕ್ಷಣ ಶುರು ಮಾಡಿಸ್ರಿ. ರೋಗ ಕಾಣಿಸ್ಕೊಂಡ ಮೇಲೆ ಯಾವ ದೇವರೂ ಬರಾಕಿಲ್ಲ” ಎಂದರು.

ಅಜ್ಜಿ ಬೆಂಚಿನ ಮೇಲೆ ಕೂತರು. ಆಗಲೂ ಕ್ರಮ ತಪ್ಪಲಿಲ್ಲ. ಇಲ್ಲಿ ನಾವೆಲ್ಲ ಶಿವನ ದಯದಿಂದ ಕ್ಷೇಮ, ಅಲ್ಲಿ ನೀವೆಲ್ಲ ಕ್ಷೇಮವೆಂದು ನಂಬಿದ್ದೇವೆ. ಗಂಟೆ ಬಾರಿಸಿತು, ಕಾಗದ ಏರಿಸಿದೆ. ನಾಯಿಮರಿ ಹುಚ್ಚು ಹಿಡಿದು ಸತ್ತಿತು, ಮಗುವನ್ನು ತಡಮಾಡದೆ ಶಿವಮೊಗ್ಗದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಸೂಜಿ ಹಾಕಿಸಬೇಕು, ಹಾಕಿಸಿದ ಸುದ್ದಿ ತಿಳಿಸಬೇಕು. ನನ್ನ ಯಂತ್ರದಲ್ಲಿ ಒಂದಕ್ಷರ ಅಳುಕಿಲ್ಲದೆ ಅಚ್ಚಾಗಿತ್ತು. ಮರುದಿನ ಸಂಜೆ ನ್ಯಾಮತಿಯಿಂದ ಉತ್ತರ ಬಂತು. “ತಮ್ಮ ಸುದ್ದಿ ಹಳ್ಳಿಗೆ ಮುಟ್ಟಿಸಿದೆ. ಎಲ್ಲರೂ ಸಂತೋಷಪಟ್ಟರು. ಅಲ್ಲಿಯೂ ಎಲ್ಲರೂ ಕ್ಷೇಮ.”

ಸಂತೋಷಪಟ್ಟರು ಎಂಬ ಮಾತು ನನಗೆ ಕೊಂಚ ಕಿರಿಕಿರಿ ಮಾಡಿತು. ಗುಮಾಸ್ತರ ಬರವಣಿಗೆಯೇ ಹಾಗೆ, ಎಲ್ಲದಕ್ಕೂ ಸಂತೋಷ ಸೇರಿಸುತ್ತಾರೆ ಎಂದುಕೊಂಡೆ. ಸಾವ್ಕಾರ್ರು ಉಸಿರು ಬಿಟ್ಟರು. ಅಜ್ಜಿ ಸೋಮವಾರದ ಹರಕೆ ಹೊತ್ತರು. ನಾವೆಲ್ಲ ಸೂಜಿ ಶುರುವಾಯಿತೆಂದು ನಂಬಿ ವಾರಕ್ಕೂ ಹೆಚ್ಚು ಕಾಲ ಹಾಯಾಗಿ ಕಳೆದೆವು. ಹೊಟ್ಟೆಗೆ ಸೂಜಿ ಚುಚ್ಚಿಸಿಕೊಳ್ಳುವ ಮಗುವನ್ನು ನೆನೆದು ಅಜ್ಜಿ ಆಗಾಗ ಕಣ್ಣೊರೆಸಿಕೊಳ್ಳುವರು, ಅಷ್ಟೆ.

ಆಮೇಲೆ ಒಂದು ಬೆಳಿಗ್ಗೆ, ಧಾರಣೆ ಇನ್ನೂ ಹೋಗಿರಲಿಲ್ಲ, ನ್ಯಾಮತಿಯಿಂದ ಸುದ್ದಿ ಬಂದು ನಮ್ಮ ಯಂತ್ರ ಕುಟ್ಟತೊಡಗಿತು. ಹೊತ್ತಲ್ಲದ ಹೊತ್ತಿನ ಮನೆ ಮಾತು. ಸಾವ್ಕಾರ್ರ ತಂಗಿಯ ಸಂಸಾರ ಅಂಗಡಿಗೆ ಬಂದಿತ್ತು. ಎಲ್ಲರೂ ಕ್ಷೇಮ. ಹತ್ತು ಗಂಟೆಯ ಬಸ್ಸಿಗೆ ಶ್ರೀಶೈಲಕ್ಕೆ ಹೊರಟಿದ್ದೇವೆ, ಅಲ್ಲಿಂದ ಇನ್ನೂ ಕೆಲವು ಕ್ಷೇತ್ರ ನೋಡಿಕೊಂಡು ಬರುವುದು ತಿಂಗಳಾಗಬಹುದು. ಕೊನೆಯ ಸಾಲು ಹೀಗಿತ್ತು. “ಮಗು ಕೇಳುತ್ತಿದ್ದಾಳೆ, ನಾಯಿಮರಿ ಹೇಗಿದೆ?”

ಸತ್ತ ನಾಯಿ ಹೇಗಿದೆ ಎಂದು ಕೇಳುವವರಿಗೆ ಅದು ಸತ್ತದ್ದು ಗೊತ್ತಿಲ್ಲ. ಗೊತ್ತಿಲ್ಲ ಎಂದಮೇಲೆ ಸೂಜಿ ಹಾಕಿಸಿಲ್ಲ. ಸಾವ್ಕಾರ್ರಿಗೆ ಓದಿ ಹೇಳಿದೆ. ಅವರು ಎದ್ದು ಪಕ್ಕದಂಗಡಿಯವರ ಮೋಟಾರ್ ಬೈಕ್ ಕೇಳಿ ಹತ್ತಿಯೇಬಿಟ್ಟರು. “ನಾನು ಮುಟ್ಟೋದ್ರಾಗೆ ಬಸ್ ಹೋಗಿರ್ತೈತೆ. ನೀ ಹೆಂಗಾದ್ರೂ ಮಾಡಿ ಅವರನ್ನ ನಿಲ್ಸು” ಎಂದರು. ಹೌದು, ಹೊಳೆ ದಾಟಿ ನ್ಯಾಮತಿ ಸೇರುವಷ್ಟರಲ್ಲಿ ಹತ್ತು ಮೀರುತ್ತಿತ್ತು. ಹಳ್ಳಿಗೆ ಟೆಲಿಗ್ರಾಂ ಕೊಟ್ಟು ಪ್ರಯೋಜನವಿಲ್ಲ, ಅವರು ಆಗಲೇ ಹಳ್ಳಿ ಬಿಟ್ಟಿದ್ದಾರೆ. ಒಮ್ಮೆ ಬಸ್ಸು ಹೊರಟಿತೆಂದರೆ ಒಂದು ತಿಂಗಳು ಆ ಮಗು ಯಾವ ಛತ್ರದಲ್ಲಿದೆ, ಯಾವ ಬಸ್ಸಿನಲ್ಲಿದೆ ಎಂದು ಹುಡುಕುವವರಾರು? ಉಳಿದಿದ್ದದ್ದು ನಾನು ಮತ್ತು ಈ ಯಂತ್ರ.

ಹೊಡೆದೆ. ಅಜ್ಜಿಗೆ ಸುದ್ದಿ ಹೋಗಿ ಅವರು ಏದುಸಿರು ಬಿಡುತ್ತಾ ಬಂದು ಕೂತಿದ್ದರು. ಅವರ ಬಾಯಿಂದ ಬಂದದ್ದನ್ನೇ ಹೊಡೆದೆ. ಕ್ಷೇಮದ ಸಾಲು, ಆಮೇಲೆ ಹುಚ್ಚುನಾಯಿಯ ಸಾಲು, ಆಮೇಲೆ ಬಸ್ಸು ಹತ್ತಬೇಡಿ ಎಂಬ ಸಾಲು. ನ್ಯಾಮತಿಯ ಗುಮಾಸ್ತರು ತಮ್ಮ ಎಂದಿನ ನಿಧಾನದಲ್ಲಿ ಉತ್ತರಿಸಿದರು. “ಕ್ಷೇಮದ ಸುದ್ದಿ ತಲುಪಿತು. ಸಂತೋಷ. ಕೇಳಿಸಿಕೊಂಡು ಅವರು ತಿಂಡಿಗೆ ಹೋದರು. ಹಾಗೆಯೇ ಬಸ್ ಸ್ಟ್ಯಾಂಡಿಗೆ ಹೋಗುತ್ತಾರೆ.”

ಕ್ಷೇಮದ ಸುದ್ದಿ! ನನಗೆ ಆ ಮುದುಕನ ಕುತ್ತಿಗೆ ಹಿಚುಕುವಷ್ಟು ಸಿಟ್ಟು ಬಂತು. ಕೆಳಗಿನ ಸಾಲು ಓದಿ ಎಂದು ಮತ್ತೆ ಇಡೀ ಸುದ್ದಿ ಹೊಡೆದೆ, ಇನ್ನಷ್ಟು ಉದ್ದ ಮಾಡಿ, ಇನ್ನಷ್ಟು ಬಿಡಿಸಿ. ಉತ್ತರವಿಲ್ಲ. ಗುಮಾಸ್ತರು ಎದ್ದು ಗಿರಾಕಿಯ ಹತ್ತಿರ ಹೋಗಿರಬೇಕು. ಅಷ್ಟರಲ್ಲಿ ಹೊನ್ನಾಳಿಯವನು ನಡುವೆ ಬಾಯಿ ಹಾಕಿದ.

“ಏನ್ರೀ ಅದು, ಬೆಳಬೆಳಿಗ್ಗೆ ಮಸಿ ಬಳಿಯಾಕೆ ಹತ್ತೀರಿ? ಮೊದಲ ಸಾಲು ಬಿಟ್ರೆ ಉಳಿದದ್ದು ಬಲಗಡೆ ಒಂದು ಕಪ್ಪು ಚುಕ್ಕಿ. ಕಾಗದ ತೂತು ಬಿದ್ದೈತೆ.”

“ಕಣ್ಣು ತೊಳಕೊಂಡು ನೋಡ್ರಿ” ಎಂದು ಹೊಡೆದೆ.

“ತೊಳಕೊಂಡೇ ಕೂತೀನಿ.”

“ಹಾಗಾದರೆ ತಲೆ ತೊಳಕೊಳ್ರಿ. ಮಗು ಸಾಯ್ತದೆ ಇಲ್ಲಿ. ತಂತಿ ಬಿಡ್ರಿ ದರಿದ್ರದವರೇ.”

ಅವನ ಉತ್ತರ ಬಂತು. “ನಿಮ್ಮ ಬೈಗುಳ ಮಾತ್ರ ಮುತ್ತು ಪೋಣಿಸ್ದಂಗೆ ಬರ್ತೈತೆ ನೋಡ್ರಿ. ಸುದ್ದಿ ಒಂದೇ ಬರಲ್ಲ.”

ಇನ್ನೊಂದು ಬೈಗುಳಕ್ಕೆ ಎತ್ತಿದ್ದ ಬೆರಳು ಹಾಗೆಯೇ ನಿಂತಿತು. ಬೈಗುಳ ಸರಿ ಬರುತ್ತದೆ. ಧಾರಣೆಯೂ ಸರಿ ಬರುತ್ತದೆ. ಮೆಕ್ಯಾನಿಕ್ ಹೊಡೆಸಿದ ಸಾಲೂ ಸರಿ ಬಂದಿತ್ತು. ಇವೆಲ್ಲ ಗಂಟೆ ಬಾರಿಸುವ ಮೊದಲೇ ಮುಗಿಯುವ ಮಾತುಗಳು, ಒಂದೊಂದೇ ಸಾಲು. ಗಂಟೆ ಬಾರಿಸಿ ನಾನು ಎರಡನೆಯ ಸಾಲಿಗೆ ಹೋದೆನೆಂದರೆ ಕೆಡುತ್ತದೆ.

“ನಾನು ಉದ್ದದ್ದು ಹೊಡೆದಾಗ ನಿಮ್ಮ ಗಾಡಿ ಎಲ್ಲಿ ನಿಲ್ತದೆ?” ಎಂದು ಕೇಳಿದೆ.

“ಬಲಗಡೆ ಕೊನೆಗೆ. ಕಾಗದ ಏರ್ತೈತೆ, ಗಾಡಿ ವಾಪಸ್ ಬರಲ್ಲ. ಅಲ್ಲೇ ನಿಂತು ಎಲ್ಲ ಅಕ್ಷರನೂ ಒಂದರ ಮೇಲೊಂದು ಕುಟ್ಟತೈತೆ.”

“ನಿಮ್ಮ ಸಾಲು ಮುಗಿದಾಗ ನೀವು ಹೆಂಗೆ ವಾಪಸ್ ತರ್ತೀರಿ?”

“ಅದಕ್ಕೆ ಬ್ಯಾರೆ ಕೀ ಐತಲ್ಲ, ಎರಡೂ ಒತ್ತತೀನಿ. ನೀವು ಕೆಡಿಸಿದ ಮೇಲೂ ನಾನೇ ಒತ್ತಿ ಗಾಡಿ ಎಡಕ್ಕೆ ತರ್ತೀನಿ. ನೀವು ಒತ್ತಲ್ಲೇನ್ರೀ?”

ನಾನು ಪಕ್ಕದ ಕೀಯ ಮೇಲಿನ ಧೂಳು ನೋಡಿದೆ. ನನ್ನ ಯಂತ್ರವೂ ಜಗಳೂರಿನದೂ ಒಂದೇ ಜೋಡಿ. ಕಾಗದ ಏರಿದರೆ ಗಾಡಿ ತಾನೇ ಓಡಿ ಬರುತ್ತದೆ. ಮುದಿ ಜೋಡಿಗೆ ಎರಡನ್ನೂ ಹೇಳಬೇಕು, ಏರು ಎಂದು ಬೇರೆ, ಬಾ ಎಂದು ಬೇರೆ. ನಾನು ಇಷ್ಟು ದಿನ ಅರ್ಧ ಮಾತ್ರ ಹೇಳುತ್ತಿದ್ದೆ. ಹೊನ್ನಾಳಿಗೂ ನ್ಯಾಮತಿಗೂ ಹೋದ ಅಜ್ಜಿಯ ಒಂದೊಂದು ಮನೆ ಮಾತಿನಲ್ಲೂ ಮುಟ್ಟಿದ್ದು ಕ್ಷೇಮದ ಸಾಲು ಒಂದೇ.

ಪಾಠ ಆಮೇಲೆ ಕಲಿಯೋಣ, ಈಗ ಹೊತ್ತಿಲ್ಲ ಎನ್ನಿಸಿತು. ಆ ಕೀ ಇಷ್ಟು ಕಾಲದ ಮೇಲೆ ಒತ್ತಿದರೆ ಕೆಲಸ ಮಾಡುತ್ತದೆಂದು ಯಾರು ಕಂಡವರು? ಖಾತ್ರಿ ಇದ್ದದ್ದು ಒಂದೇ, ಮೊದಲ ಸಾಲು ಹೋಗುತ್ತದೆ. ಹೇಳುವುದನ್ನೆಲ್ಲ ಅದರಲ್ಲೇ ತುರುಕಬೇಕು. “ನಾಯಿಗೆ ಹುಚ್ಚು, ಸತ್ತಿದೆ. ಬಸ್ ಹತ್ತಬೇಡಿ. ಮಗುವಿಗೆ ಈಗಲೇ ಸೂಜಿ” ಎಂದು ಗಟ್ಟಿಯಾಗಿ ಹೇಳಿಕೊಂಡು ಬೆರಳಿಟ್ಟೆ.

ಅಜ್ಜಿ ನನ್ನ ಮಣಿಕಟ್ಟು ಹಿಡಿದುಕೊಂಡರು.

“ಕ್ಷೇಮ ಹೇಳಲ್ಲೇನೇ?”

“ಜಾಗ ಇಲ್ಲ ಅಜ್ಜಿ.”

“ಎತ್ತಿದ ಕೂಡ್ಲೆ ಸಾವಿನ ಮಾತೇನೇ? ದೇವರ ದಾರಿ ಹಿಡಿದು ಹೊರಟೋರಿಗೆ? ಹೆತ್ತವಳು ಅದನ್ನ ಕೇಳಿ ಅಲ್ಲೇ ಎದೆ ಒಡ್ಕಂತಾಳೆ.”

ಅವರ ಹಿಡಿತ ಬಿಗಿಯಾಗಿತ್ತು. ಆ ಮುದುಕಿ ತನ್ನ ಜೀವಮಾನದಲ್ಲಿ ಯಾರ ಮನೆ ಬಾಗಿಲಲ್ಲೂ ಕೆಟ್ಟ ಮಾತನ್ನು ಮೊದಲು ಆಡಿದವರಲ್ಲ. ಬೇರೆ ಹೊತ್ತಾಗಿದ್ದರೆ ಅವರ ಮಾತಿಗೆ ನಾನು ತಲೆಬಾಗುತ್ತಿದ್ದೆ. ಈಗ ಕಿರುಚಿದೆ.

“ಒಡ್ಕೊಳ್ಳಲಿ ಅಜ್ಜಿ! ನಿಮ್ಮ ಕ್ಷೇಮ ಒಂದೇ ಅಲ್ಲಿಗೆ ಮುಟ್ಟಿರೋದು. ಅದನ್ನ ಕೇಳಿಕೊಂಡೇ ಅವರು ಸುಮ್ನೆ ಕೂತಿರೋದು. ಬಿಡ್ರಿ ಕೈನ.”

ಹಮಾಲರೆಲ್ಲ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಯಜಮಾನರ ತಾಯಿಯ ಮೇಲೆ ಹಾಗೆ ಕಿರುಚಿದವರು ಆ ಮಂಡಿಯಲ್ಲಿ ಅಲ್ಲಿಯವರೆಗೆ ಯಾರೂ ಇರಲಿಲ್ಲ. ಅಜ್ಜಿ ನನ್ನ ಮುಖವನ್ನೇ ನೋಡಿದರು. ಅವರಿಗೆ ಅರ್ಥವಾಗುತ್ತಾ ಹೋದದ್ದು ನನಗೆ ಕಾಣಿಸಿತು. ಕೈ ಬಿಟ್ಟು, “ಹೊಡಿ” ಎಂದರು. ಸೆರಗನ್ನು ಬಾಯಿಗೆ ತುರುಕಿಕೊಂಡರು.

ಹೊಡೆದೆ. ಕರೆಗಂಟೆಯ ಕೀಯನ್ನು ಬಿಡದೆ ಒತ್ತಿದೆ. ನ್ಯಾಮತಿಯ ಅಂಗಡಿಯಲ್ಲಿ ಅದು ಹುಚ್ಚೆದ್ದು ಬಾರಿಸುತ್ತಿರಬೇಕು. ಮತ್ತೆ ಗಂಟೆ, ಮತ್ತೆ ಗಂಟೆ. ನ್ಯಾಮತಿಯಿಂದ ಒಂದು ಅಕ್ಷರವಿಲ್ಲ. ಹೊನ್ನಾಳಿಯವನು “ಈಗ ಬಂತು, ಎಲ್ಲ ಓದಾಕೆ ಬಂತು” ಎಂದು ಹೇಳಿ ಸುಮ್ಮನಾದ. ಜೀವನದಲ್ಲಿ ಮೊದಲ ಸಲ ಅವನು ತಾನಾಗಿ ಸುಮ್ಮನಾದದ್ದು. ಜಗಳೂರಿನವನು ಇದಾವುದರ ಪರಿವೆಯಿಲ್ಲದೆ ಶೇಂಗಾ ಧಾರಣೆ ಏನಾಯಿತು ಎಂದು ಕೇಳಿದ. ಅವನಿಗೆ ನಾನು ಏನು ಹೇಳಿದೆ ಎಂಬುದನ್ನು ಇಲ್ಲಿ ಬರೆಯಲಾಗದು.

ಕಾದೆವು. ಗೋಡೆ ಗಡಿಯಾರದ ಮುಳ್ಳು ನೋಡಬಾರದೆಂದರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಬಸ್ಸಿನ ಹೊತ್ತು ಬಂತು, ಹೋಯಿತು. ಅಜ್ಜಿ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ಕೂತಿದ್ದರು. ನನಗೆ ಪ್ರಾರ್ಥನೆ ಬರುವುದಿಲ್ಲ. ನಾನು ಮನಸ್ಸಿನಲ್ಲೇ ಎಲ್ಲರನ್ನೂ ಬೈಯುತ್ತಿದ್ದೆ, ಯಂತ್ರ ಮಾರಿದವನಿಂದ ಹಿಡಿದು ದೇವರವರೆಗೆ. ಬೈಗುಳ ಮುಗಿದರೆ ಅಳು ಬಂದುಬಿಡುತ್ತದೆಂದು ಗೊತ್ತಿತ್ತು.

ಕೊನೆಗೆ ಯಂತ್ರ ಕುಟ್ಟಿತು. ಗುಮಾಸ್ತರ ಅಕ್ಷರಗಳು ಹಿಂದುಮುಂದಾಗಿದ್ದವು.

“ಬಸ್ಸು ಹೊರಟಿತ್ತು. ಅಡ್ಡ ನಿಂತೆ. ಡ್ರೈವರ್ ಬೈದ. ಇಳಿಯಿರಿ ಎಂದರೆ ಅವರು ಇಳಿಯಲಿಲ್ಲ, ಬೆಳಿಗ್ಗೆ ಕ್ಷೇಮ ಎಂದು ಬಂದಿದೆಯಲ್ಲ ಎಂದರು. ಕಾಗದ ಓದಿದೆ. ಇಳಿದರು. ಅಂಗಡಿಯ ಲಾರಿಯಲ್ಲಿ ಶಿವಮೊಗ್ಗಕ್ಕೆ ಕಳಿಸಿದ್ದೇನೆ.”

ಅಜ್ಜಿಗೆ ಓದಿ ಹೇಳಿದೆ. ಅವರು “ಶಿವಾ” ಎಂದು ಬೆಂಚಿನ ಮೇಲೆ ಒರಗಿಕೊಂಡರು. ಹಮಾಲರಲ್ಲೊಬ್ಬ ನೀರು ತಂದುಕೊಟ್ಟ. ನಾನು ಎದ್ದು ಗೋದಾಮಿನ ಹಿಂದಕ್ಕೆ ಹೋಗಿ ಯಾರೂ ಕಾಣದಲ್ಲಿ ಅತ್ತೆ.

ಸಂಜೆ ಗುಮಾಸ್ತರಿಗೆ ಕೇಳಿದೆ, ಕಪ್ಪಾಗಿ ಬಂದದ್ದನ್ನು ಇನ್ನೊಮ್ಮೆ ಹೊಡೆಯಿರಿ ಎಂದು ಹೇಳಬಾರದಿತ್ತೇ ಎಂದು. ಅವರ ಉತ್ತರ ಹೀಗಿತ್ತು. “ಸಾವ್ಕಾರ್ರ ಮನೆ ಮಾತು. ಕ್ಷೇಮ ಎಂದು ಓದಲು ಬಂತು. ಒಳಗಿನದ್ದನ್ನು ಕೆದಕಿ ಕೇಳುವುದು ಮರ್ಯಾದೆಯಲ್ಲ ಎಂದುಕೊಂಡೆ.” ಅವರನ್ನು ಬೈಯಬೇಕೆಂದು ಇಡೀ ದಿನ ಕೂಡಿಟ್ಟುಕೊಂಡಿದ್ದೆ. ಆ ವಯಸ್ಸಿನಲ್ಲಿ ಓಡುವ ಬಸ್ಸಿಗೆ ಅಡ್ಡ ನಿಂತ ಮನುಷ್ಯನಿಗೆ ಏನು ಬೈಯುವುದು? ಧೂಳು ಹಿಡಿದ ಕೀಯನ್ನು ಸೀಮೆಎಣ್ಣೆ ಹಾಕಿ ಒರೆಸಿದೆ. ಅವತ್ತಿನಿಂದ ಪ್ರತಿ ಸಾಲಿಗೂ ಎರಡನ್ನೂ ಒತ್ತಿದೆ, ನನ್ನ ಯಂತ್ರಕ್ಕೆ ಬೇಕಿರಲಿ ಬಿಡಲಿ.

ಶಿವಮೊಗ್ಗದಲ್ಲಿ ಸೂಜಿ ಶುರುವಾಯಿತು. ಸಾವ್ಕಾರ್ರು ನ್ಯಾಮತಿಯಿಂದ ನೇರ ಅಲ್ಲಿಗೇ ಹೋಗಿ ಉಳಿದರು. ಡಾಕ್ಟರು ಧೈರ್ಯದ ಮಾತನ್ನೇನೂ ಆಡಲಿಲ್ಲವಂತೆ. ಮುಖದ ಗಾಯ, ತಡವಾಗಿ ಬಂದಿದ್ದೀರಿ, ಸೂಜಿ ಮುಗಿದ ಮೇಲೂ ಕಾದು ನೋಡಬೇಕು ಎಂದರಂತೆ. ಮಗುವಿಗೆ ಜ್ವರ ಬಂದರೆ ಭಯ, ನೀರು ಬೇಡವೆಂದರೆ ಭಯ. ಯಂತ್ರ ಕುಟ್ಟತೊಡಗಿದರೆ ಸಾಕು, ನ್ಯಾಮತಿಯದೇ ಎಂದು ಕೈಯ ಕೆಲಸ ಬಿಟ್ಟು ಓಡುತ್ತಿದ್ದೆ. ಹೀಗೆ ಬೇಸಿಗೆ ಹೋಯಿತು, ಮಳೆಗಾಲವೂ ಹೋಯಿತು. ಮಗುವಿಗೆ ಏನೂ ಆಗಲಿಲ್ಲ.

ದೀಪಾವಳಿಗೆ ಸಾವ್ಕಾರ್ರ ತಂಗಿ ಮಗಳೊಂದಿಗೆ ತವರಿಗೆ ಬಂದಳು. ಹಬ್ಬದ ಮರುದಿನ ಮಂಡಿಗೆ ಬಂದು ನನ್ನ ಮೇಜಿನ ಮುಂದೆ ನಿಂತಳು. ಹುಡುಗಿ ಹೊರಗೆ ದೊಡ್ಡ ತಕ್ಕಡಿಯ ತಟ್ಟೆಯಲ್ಲಿ ಕೂತು ತನ್ನನ್ನು ತೂಗಿ ಎಂದು ಹಮಾಲರನ್ನು ಕಾಡುತ್ತಿದ್ದಳು. ಆಸ್ಪತ್ರೆಯಲ್ಲಿ ಈ ಹೆಂಗಸು ಒಂದು ಹನಿ ಕಣ್ಣೀರು ಹಾಕಲಿಲ್ಲ, ಕಲ್ಲಿನಂಥ ಮನಸ್ಸು ಎಂದು ಮನೆಯವರೆಲ್ಲ ಹೇಳುತ್ತಿದ್ದರು. ಕೃತಜ್ಞತೆ ಹೇಳಲು ಬಂದಿದ್ದಾಳೆಂದು ನಾನು ಸ್ವಲ್ಪ ಬೀಗಿಕೊಂಡೇ ಕೂತಿದ್ದೆ.

“ಅಕ್ಕಾ, ಮೊದಲ್ನೇ ಸಲ ಕಳಿಸಿದ್ರಲ್ಲ, ಮಸಿ ಆಗಿ ಬಂದದ್ದು. ಅದರಾಗೆ ಏನಿತ್ತು? ನಿಮ್ಮ ಕಡೆ ಕಾಗದದಾಗೆ ಸರಿಯಾಗೇ ಬಿದ್ದಿತ್ತಂತೆ. ನಂಗೆ ಇಂಗ್ಲಿಷ್ ಅಕ್ಷರ ಓದಾಕೆ ಬರಲ್ಲ. ಓದಿ ಹೇಳ್ತೀರಾ?” ಎಂದಳು.

ಯಾಕೆ ಬೇಕು ಈಗ ಎಂದೆ. ಬೇಕು ಎಂದಳು. ಹಳೆಯ ಸುರುಳಿ ಹುಡುಕಿ ತೆಗೆದು, ಕ್ಷೇಮದ ಸಾಲು ಬಿಟ್ಟು, ಕೆಳಗಿನದನ್ನು ಓದಿದೆ. ನಾಯಿಮರಿ ಹುಚ್ಚು ಹಿಡಿದು ಸತ್ತಿತು. ಮಗುವನ್ನು ತಡಮಾಡದೆ ಕರೆದುಕೊಂಡು ಹೋಗಿ. ಅವಳು ಆ ಸುದ್ದಿ ಈಗಷ್ಟೇ ಬಂದಂತೆ ಕೇಳಿಸಿಕೊಂಡಳು. ಯಾವತ್ತು ಕಳಿಸಿದ್ದು ಎಂದು ಕೇಳಿದಳು, ಹೇಳಿದೆ. ಆ ದಿನದಿಂದ ಬಸ್ಸಿನ ದಿನದವರೆಗೆ ಬೆರಳು ಮಡಚಿ ಲೆಕ್ಕ ಹಾಕಿದಳು. ಆಮೇಲೆ ಪಕ್ಕದಲ್ಲಿದ್ದ ಶೇಂಗಾ ಮೂಟೆಯ ಮೇಲೆ ಕುಸಿದು ಕೂತಳು. ಅಷ್ಟು ತಿಂಗಳು ತಡೆದದ್ದೆಲ್ಲ ಒಮ್ಮೆಲೇ ಬಂತು.

“ಅಷ್ಟೂ ದಿನ ರಾತ್ರಿ ಅವಳನ್ನ ಪಕ್ಕದಾಗೆ ಹಾಕ್ಕೊಂಡು ನಾನು ನಿದ್ದೆ ಮಾಡಿಬಿಟ್ಟೆನಲ್ಲ ಅಕ್ಕಾ” ಎಂದಳು. “ಸುಖವಾಗಿ ನಿದ್ದೆ ಮಾಡಿಬಿಟ್ಟೆ.”

ಎದ್ದು ಹೋಗಿ ಅವಳ ಪಕ್ಕದಲ್ಲಿ ಮೂಟೆಯ ಮೇಲೆ ಕೂತೆ.